ದೇವರ ವರ, ಪೂಜಾರಿಯ ಕೈ

ಇತ್ತೀಚೆಗೆ ನಮ್ಮ ಸಂಘದ ವಿಚಾರಗೋಷ್ಠಿಯೊಂದರಲ್ಲಿ ಹಿರಿಯ ಮಿತ್ರರೊಬ್ಬರು, ಸರಕಾರ ಕೈಯೆತ್ತಿ ಕೊಟ್ಟದ್ದು ಪ್ರಜೆಯನ್ನು ಸೋಮಾರಿಯನ್ನಾಗಿಸುತ್ತದೆಯೆಂದೂ, ಅಮೆರಿಕದ ಮಧ್ಯಮವರ್ಗ ಯಾರ ಹಂಗೂ ಇಲ್ಲದೆ ಸ್ವಂತ ದುಡಿಮೆಯಿಂದಲೇ ಮೇಲೆದ್ದಿತೆಂದೂ ಘೋಷಿಸಿದರು. ಸಭೆ ಚಪ್ಪಾಳೆ ತಟ್ಟಿತು. ಮೂರು ದಶಕಗಳನ್ನು ಕೇಂದ್ರ ಸರಕಾರದ ಕಡತಗಳ ನಡುವೆ ಸವೆಸಿದ ನನಗೆ ಕೈ ಕೂಡಲಿಲ್ಲ. ಏಕೆಂದರೆ ಅವರು ಕೊಟ್ಟ ನಿದರ್ಶನವೇ ಅವರ ವಾದವನ್ನು ಬುಡಮೇಲು ಮಾಡುವಂಥದು.

1932ರಲ್ಲಿ ಮೊದಲ ಮಹಾಯುದ್ಧದ ಮಾಜಿ ಸೈನಿಕರು, ತಮಗೆ ವಾಗ್ದಾನ ಮಾಡಿದ್ದ ಬೋನಸ್ಸನ್ನು ಬೇಗನೆ ಕೊಡಿರೆಂದು ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟಿದ್ದರು. ಸರಕಾರ ಅವರ ಮೇಲೆ ಸೈನ್ಯವನ್ನೇ ಕಳುಹಿಸಿತು; ಅವರ ಗುಡಿಸಲುಗಳು ಬೆಂಕಿಗೆ ಆಹುತಿಯಾದವು. ಆ ಅವಮಾನದ ನೆನಪು ಮಾಸಿರಲಿಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಒಂದೂವರೆ ಕೋಟಿಗೂ ಮಿಕ್ಕ ಸೈನಿಕರು ಊರಿಗೆ ಮರಳಲಿದ್ದರು. ಆದ್ದರಿಂದಲೇ 1944ರ ಜೂನ್ 22ರಂದು ಅಧ್ಯಕ್ಷ ರೂಸ್‌ವೆಲ್ಟ್ ಜನರ ಬಾಯಲ್ಲಿ 'ಜಿ.ಐ. ಬಿಲ್' ಎಂದು ಹೆಸರಾದ ಕಾಯಿದೆಗೆ ಸಹಿ ಹಾಕಿದರು. ಕಾಲೇಜು ಶುಲ್ಕಕ್ಕೆ ವರ್ಷಕ್ಕೆ 500 ಡಾಲರಿನವರೆಗೆ ನೆರವು, ಜೊತೆಗೆ ಮಾಸಾಶನ. ಮನೆ, ಜಮೀನು, ವ್ಯಾಪಾರಗಳ ಸಾಲಕ್ಕೆ ಸರಕಾರದ ಜಾಮೀನು. ಕೆಲಸ ಸಿಗುವತನಕ ವಾರಕ್ಕೆ 20 ಡಾಲರಿನಂತೆ 52 ವಾರ ಭತ್ಯೆ.

ಇವರೆಲ್ಲ ಸೋಮಾರಿಗಳಾದರೇ? ನಿರುದ್ಯೋಗ ಭತ್ಯೆಗೆಂದು ತೆಗೆದಿರಿಸಿದ ಹಣದಲ್ಲಿ ಐದನೆಯ ಒಂದು ಪಾಲೂ ಖರ್ಚಾಗಲಿಲ್ಲ. 1947ರಲ್ಲಿ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರು. 1956ರಲ್ಲಿ ಯೋಜನೆ ಮುಗಿಯುವ ಹೊತ್ತಿಗೆ 78 ಲಕ್ಷ ಜನ ಶಿಕ್ಷಣ ಅಥವಾ ತರಬೇತಿ ಪಡೆದಿದ್ದರು. ಅವರಲ್ಲಿ 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದವರು. ವಿದ್ಯೆಯ ಮಟ್ಟ ಕುಸಿದೀತೆಂದು ಆತಂಕಪಟ್ಟಿದ್ದ ಹಾರ್ವರ್ಡಿನ ಅಧ್ಯಕ್ಷ ಕೋನಂಟರೇ ಆ ವಿದ್ಯಾರ್ಥಿಗಳನ್ನು ಕಂಡ ಮೇಲೆ ಅಭಿಪ್ರಾಯ ತಿದ್ದಿಕೊಂಡರು. 1952ರೊಳಗೆ ಸುಮಾರು 24 ಲಕ್ಷ ಗೃಹಸಾಲಗಳಿಗೆ ಸರಕಾರ ಬೆನ್ನಾಗಿ ನಿಂತಿತು. ಮಿತ್ರರು ಕೊಂಡಾಡಿದ ಸ್ವಾವಲಂಬಿ ಮಧ್ಯಮವರ್ಗದ ಅಡಿಪಾಯದಲ್ಲಿ ಇರುವುದು ಈ ಸರಕಾರಿ ಕಲ್ಲು.

ಆದರೆ ಇಲ್ಲಿಗೇ ನಿಲ್ಲಿಸಿದರೆ ನಾನೂ ಅರ್ಧಸತ್ಯ ನುಡಿದಂತೆ. ಕಾಯಿದೆಯಲ್ಲಿ ಎಲ್ಲಿಯೂ ಬಣ್ಣದ ಮಾತಿಲ್ಲ. ಆದರೆ ಸದನದಲ್ಲಿ ಮಸೂದೆಯ ಸಮಿತಿಗೆ ಅಧ್ಯಕ್ಷರಾಗಿದ್ದವರು ವರ್ಣಭೇದದ ಕಟ್ಟಾ ಪ್ರತಿಪಾದಕ, ಮಿಸಿಸಿಪ್ಪಿಯ ಜಾನ್ ರ್‍ಯಾಂಕಿನ್. ಹಣ ಕೇಂದ್ರದ್ದು, ಹಂಚುವ ಕೈ ಮಾತ್ರ ಸ್ಥಳೀಯ ಅಧಿಕಾರಿಯದು, ಊರಿನ ಬ್ಯಾಂಕಿನದು, ಕರಿಯರನ್ನು ಹೊಸ್ತಿಲು ದಾಟಲು ಬಿಡದ ದಕ್ಷಿಣದ ಕಾಲೇಜುಗಳದು. 1947ರಲ್ಲಿ ಮಿಸಿಸಿಪ್ಪಿಯ 13 ನಗರಗಳಲ್ಲಿ ಜಾಮೀನು ದೊರೆತ 3,229 ಸಾಲಗಳಲ್ಲಿ ಕರಿಯ ಸೈನಿಕರ ಪಾಲಿಗೆ ಬಂದದ್ದು ಎರಡೇ ಎರಡು. ಅದೇ ವರ್ಷ ನ್ಯೂಯಾರ್ಕಿನ ಬಳಿ ತಲೆಯೆತ್ತಿದ ಲೆವಿಟೌನಿನಲ್ಲಿ ಬಿಳಿಯರಲ್ಲದವರಿಗೆ ಮನೆಯೇ ಇಲ್ಲ. ಮನೆಯೆಂದರೆ ಮಕ್ಕಳಿಗೆ ಉಳಿಯುವ ಆಸ್ತಿ. ಒಂದು ತಲೆಮಾರಿಗೆ ತಪ್ಪಿದ್ದು ಮುಂದಿನ ತಲೆಮಾರುಗಳಿಗೂ ತಪ್ಪಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆಗೆ ಇದಕ್ಕಿಂತ ದೊಡ್ಡ ಭಾಷ್ಯ ಬೇಕೆ?

ಹೊರನಾಡಿನಲ್ಲಿ ನೆಲೆಸಿದ ನಮಗೆ ಇದು ದೂರದ ಕಥೆಯಲ್ಲ. ತವರಿನ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ವಲಸೆ ಹೋದ ರಾಜ್ಯದ ಮೀಸಲಾತಿಗೆ ಸಲ್ಲದೆಂದು 1990ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹಕ್ಕನ್ನು ರಾಜ್ಯದ ಗಡಿಗೂಟಕ್ಕೆ ಕಟ್ಟಿದರೆ ಏನಾಗುತ್ತದೆಂಬುದನ್ನು ನಮ್ಮೊಳಗಿನ ದುರ್ಬಲ ಕುಟುಂಬಗಳು ಆಗಿನಿಂದಲೂ ಉಣ್ಣುತ್ತಿವೆ.

ಆದುದರಿಂದ ಸರಕಾರ ಕೊಡಬೇಕೆ ಬೇಡವೆ ಎಂಬ ಜಗಳ ಸಾಕು. ಕೊಟ್ಟಾಗ ರಾಷ್ಟ್ರವೊಂದು ಹೊಸ ಹುಟ್ಟು ಪಡೆದದ್ದನ್ನು ಇತಿಹಾಸ ತೋರಿಸಿದೆ. ಕೇಳಬೇಕಾದ ಪ್ರಶ್ನೆ ಬೇರೆಯದು: ಯಾರ ಕೈಯಿಂದ, ಯಾವ ಕಿಟಕಿಯಲ್ಲಿ, ಯಾರನ್ನು ಹೊರಗೆ ನಿಲ್ಲಿಸಿ? ನಾನೂ ಅಂಥದೊಂದು ಕಿಟಕಿಯ ಒಳಗಡೆ ಕುಳಿತವನೇ. ಆದೇಶದ ಪ್ರತಿ ಎಷ್ಟೇ ಉದಾರವಾಗಿರಲಿ, ಅರ್ಜಿಯನ್ನು ಮೇಜಿನಡಿಗೆ ಸರಿಸುವ ಒಂದು ಕೈ ಅದನ್ನು ಸೋಲಿಸಬಲ್ಲದೆಂಬುದನ್ನು ಕಣ್ಣಾರೆ ಕಂಡಿದ್ದೇನೆ. ಮುಂದಿನ ಗೋಷ್ಠಿಯಲ್ಲಿ ಮಿತ್ರರು ಆ ಕೈಯ ಬಗ್ಗೆ ಮಾತನಾಡಲಿ; ಆಗ ಮೊದಲ ಚಪ್ಪಾಳೆ ನನ್ನದು.