ಯಂತ್ರದ ಡೈನೋಸಾರೂ ನಮ್ಮ ಕರ್ತವ್ಯವೂ

ವಸ್ತುಪ್ರದರ್ಶನಗಳಲ್ಲಿಯೂ ವಿನೋದವನಗಳಲ್ಲಿಯೂ ಈಚಿನ ವರ್ಷಗಳಲ್ಲಿ ಯಂತ್ರದ ಡೈನೋಸಾರುಗಳು ಬಂದು ನಿಂತಿವೆ. ನಾವು ಸಮೀಪಿಸಿದೊಡನೆ ಆ ಮಹಾಪ್ರಾಣಿ ಕತ್ತೆತ್ತುತ್ತದೆ, ಕಣ್ಣು ಮಿಟುಕಿಸುತ್ತದೆ, ಬಾಯ್ದೆರೆದು ಗರ್ಜಿಸುತ್ತದೆ. ಕಿರಿಯರು ಹೆದರಿ ತಾಯಿಯ ಸೆರಗು ಹಿಡಿಯುತ್ತಾರೆ. ಹಿರಿಯರು ನಕ್ಕು ಮುಂದೆ ಸಾಗುತ್ತಾರೆ. ವಿದ್ಯಾರ್ಥಿಗಳಾದ ನಮಗೆ ಇವೆರಡೂ ಸಾಲವು ಎಂಬುದು ನಮ್ಮ ಅಭಿಪ್ರಾಯ. ಅದು ಹೇಗೆ ಚಲಿಸುತ್ತದೆ, ಅದರಲ್ಲಿ ಸತ್ಯವೆಷ್ಟು, ಊಹೆಯೆಷ್ಟು ಎಂಬುದನ್ನು ನಾವು ವಿಚಾರಿಸಬೇಕು.

ಮೊದಲು ಅದರ ರಚನೆಯನ್ನು ನೋಡೋಣ. ಚೀನಾ ದೇಶದ ಸಿಚುವಾನ್ ಪ್ರಾಂತದಲ್ಲಿ ಜಿಗಾಂಗ್ ಎಂಬ ನಗರವಿದೆ. ಅಲ್ಲಿಯ ದಾಶಾನ್‌ಪು ಎಂಬ ಸ್ಥಳದಲ್ಲಿ ಡೈನೋಸಾರುಗಳ ಅಸ್ಥಿಗಳು ಹೇರಳವಾಗಿ ದೊರೆತುವು. 1987ರಲ್ಲಿ ಅಲ್ಲಿ ಒಂದು ವಸ್ತುಸಂಗ್ರಹಾಲಯವೂ ತೆರೆಯಿತು. ಇಂದು ಅದೇ ನಗರದ ಕಾರ್ಖಾನೆಗಳಲ್ಲಿ ಯಂತ್ರದ ಡೈನೋಸಾರುಗಳು ಸಿದ್ಧವಾಗಿ ದೇಶದೇಶಗಳಿಗೆ ರವಾನೆಯಾಗುತ್ತವೆ. ಕೆಲಸಗಾರರು ಮೊದಲು ಉಕ್ಕಿನ ಕೊಳವೆಗಳನ್ನು ಬೆಸೆದು ಪಂಜರವನ್ನು ನಿಲ್ಲಿಸುತ್ತಾರೆ. ಕತ್ತು, ದವಡೆ, ರೆಪ್ಪೆ, ಬಾಲ ಮೊದಲಾದ ಚಲಿಸತಕ್ಕ ಭಾಗಗಳಿಗೆ ವಿದ್ಯುತ್ ಮೋಟಾರುಗಳನ್ನು ಜೋಡಿಸುತ್ತಾರೆ. ಮೋಟಾರು ತಿರುಗುವುದು ಚಕ್ರಾಕಾರವಾಗಿ. ಕತ್ತು ಅಲುಗಬೇಕಾದುದು ಅತ್ತಿತ್ತ. ಆದುದರಿಂದ ಹಲ್ಲುಚಕ್ರಗಳಿಂದ ವೇಗವನ್ನು ತಗ್ಗಿಸಿ, ಕ್ರ್ಯಾಂಕು ಮತ್ತು ಸರಳುಗಳ ಮೂಲಕ ಸುತ್ತುವ ಚಲನೆಯನ್ನು ಹಿಂದುಮುಂದಿನ ಚಲನೆಯಾಗಿ ಮಾರ್ಪಡಿಸುತ್ತಾರೆ. ಮಳೆಗಾಲದಲ್ಲಿ ಮೋಟಾರುಕಾರಿನ ಗಾಜನ್ನೊರಸುವ ವೈಪರಿನ ತತ್ತ್ವವೂ ಇದೇ.

ಪಂಜರದ ಮೇಲೆ ದಪ್ಪನಾದ ಸ್ಪಂಜನ್ನು ಅಂಟಿಸಿ, ಮಾಂಸಖಂಡಗಳ ಆಕಾರಕ್ಕೆ ಕತ್ತರಿಸಿ, ಸಿಲಿಕೋನನ್ನು ಪದರಪದರವಾಗಿ ಬಳಿದರೆ ಬಾಗಿದರೂ ಬಿರಿಯದ ಚರ್ಮ ಸಿದ್ಧವಾಗುತ್ತದೆ. ಮುಂದೆ ಯಾರಾದರೂ ಸುಳಿದರೆ ಅವಕೆಂಪು ಕಿರಣದ ಸಂವೇದಕವು ಅದನ್ನರಿತು ನಿಯಂತ್ರಣಪೆಟ್ಟಿಗೆಗೆ ತಿಳಿಸುತ್ತದೆ. ಪೆಟ್ಟಿಗೆಯು ಮೋಟಾರುಗಳನ್ನೂ ಧ್ವನಿವರ್ಧಕವನ್ನೂ ಒಟ್ಟಿಗೆ ನಡೆಸುತ್ತದೆ. ಗರ್ಜನೆ ಗಂಟಲಿನದಲ್ಲ, ಧ್ವನಿವರ್ಧಕದ್ದು!

ಈ ಕೆಲಸ ಸುಲಭವೆಂದು ಯಾರೂ ಭಾವಿಸಬಾರದು. 1993ರಲ್ಲಿ ತೆರೆಕಂಡ ‘ಜುರಾಸಿಕ್ ಪಾರ್ಕ್’ ಚಲನಚಿತ್ರಕ್ಕಾಗಿ ಅಮೆರಿಕದ ಸ್ಟಾನ್ ವಿನ್‌ಸ್ಟನ್ ಅವರ ತಂಡವು ಸುಮಾರು 40 ಅಡಿ ಉದ್ದದ ಟಿರಾನೊಸಾರಸ್ಸನ್ನು ನಿರ್ಮಿಸಿತು. ಅದು ನಡೆಯುತ್ತಿದ್ದುದು ದ್ರವದ ಒತ್ತಡದಿಂದ, ಎಂದರೆ ಹೈಡ್ರಾಲಿಕ್ ಯಂತ್ರಗಳಿಂದ. ನಡೆಸುವವರು ಅದರ ಚಿಕ್ಕ ಪ್ರತಿಕೃತಿಯೊಂದನ್ನು ಕೈಯಿಂದ ಆಡಿಸಿದರೆ ದೊಡ್ಡದು ಅದನ್ನೇ ಅನುಕರಿಸುತ್ತಿತ್ತು. ಆದರೆ ಕೃತಕ ಮಳೆಯಲ್ಲಿ ಚಿತ್ರೀಕರಣ ನಡೆದಾಗ ಅದರ ನೊರೆರಬ್ಬರಿನ ಚರ್ಮವು ನೀರನ್ನು ಹೀರಿ ಭಾರವಾಯಿತು. ತೂಕದ ಲೆಕ್ಕ ತಪ್ಪಿ ಯಂತ್ರವೇ ನಡುಗತೊಡಗಿತು. ಆಗಾಗ್ಗೆ ಬಟ್ಟೆಗಳಿಂದ ಒರಸಿ ಅದನ್ನು ಒಣಗಿಸಬೇಕಾಯಿತು. ಪ್ರೇಕ್ಷಕರನ್ನು ನಡುಗಿಸಿದ ಪ್ರಾಣಿ ತಾನು ನೀರಿಗೆ ನಡುಗಿತು! ತೂಕ, ಒತ್ತಡ, ಸಮತೋಲಗಳ ಗಣಿತವು ಪಾಠದ ಪುಸ್ತಕಕ್ಕೆ ಮಾತ್ರ ಸೀಮಿತವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಕುಶಲಿಗಳ ಶ್ರಮಕ್ಕೆ ನಮ್ಮ ಗೌರವವಿದೆ. ಆದರೂ ಒಂದು ಆಕ್ಷೇಪವನ್ನು ಹೇಳದಿರಲಾರೆವು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿಯು ಡೈನೋಸಾರುಗಳ ಪ್ರತಿಮೆಗಳನ್ನು ನಿಲ್ಲಿಸಿದನು. ಅವುಗಳಲ್ಲಿ ಇಗ್ವಾನೊಡಾನಿಗೆ ಮೂಗಿನ ಮೇಲೊಂದು ಕೊಂಬು! 1878ರಲ್ಲಿ ಬೆಲ್ಜಿಯಮ್ಮಿನ ಕಲ್ಲಿದ್ದಲ ಗಣಿಯೊಂದರಲ್ಲಿ ಪೂರ್ಣ ಅಸ್ಥಿಪಂಜರಗಳು ದೊರೆತ ಮೇಲೆ ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು ಎಂಬುದು ಸ್ಥಿರಪಟ್ಟಿತು. ಹಾಕಿನ್ಸನನ್ನು ನಾವು ಹಳಿಯುವುದಿಲ್ಲ. ಅಂದಿನ ಜ್ಞಾನದ ಮಿತಿಯಲ್ಲಿ ಆತನು ದುಡಿದನು. ಆದರೆ ವೆಲಾಸಿರ್ಯಾಪ್ಟರ್ ಎಂಬ ಡೈನೋಸಾರಿನ ಮುಂಗೈ ಮೂಳೆಯಲ್ಲಿ ಗರಿಗಳು ನೆಟ್ಟಿದ್ದ ಗುರುತುಗಳನ್ನು 2007ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರೂ, ಇಂದಿಗೂ ಎಷ್ಟೋ ಪ್ರದರ್ಶನಗಳಲ್ಲಿ ಅದು ಗರಿಯಿಲ್ಲದ ಹಲ್ಲಿಯಂತೆಯೇ ನಿಂತಿದೆ. ತಿಳಿಯದೆ ಮಾಡಿದ್ದು ತಪ್ಪಲ್ಲ. ತಿಳಿದ ಮೇಲೂ ತಿದ್ದಿಕೊಳ್ಳದಿರುವುದು ತಪ್ಪು.

ವಿನೋದಕ್ಕೆಂದು ಬಂದವರಿಗೆ ಇಷ್ಟೆಲ್ಲ ವಿಚಾರವೇಕೆ ಎಂದು ಕೆಲವರು ಕೇಳಬಹುದು. ಕಲ್ಲಿನ ಪ್ರತಿಮೆಯು ತಾನು ಪ್ರತಿಮೆಯೆಂದು ತಾನೇ ಒಪ್ಪಿಕೊಳ್ಳುತ್ತದೆ. ಉಸಿರಾಡುವಂತೆ ಹೊಟ್ಟೆಯನ್ನಾಡಿಸುವ ಯಂತ್ರವಾದರೋ ನಮ್ಮ ಸಂದೇಹಕ್ಕೆ ಎಡೆಯನ್ನೇ ಕೊಡುವುದಿಲ್ಲ. ಎಳವೆಯಲ್ಲಿ ಕಣ್ಣಿಗೆ ಬಿದ್ದ ರೂಪ ಮನಸ್ಸಿನಲ್ಲಿ ಬಹುಕಾಲ ಉಳಿಯುವುದು. ಯಂತ್ರವು ಜೀವಕ್ಕೆ ಸಮೀಪವಾದಷ್ಟೂ ಅದನ್ನು ತೋರಿಸುವವರ ಹೊಣೆ ಹೆಚ್ಚುತ್ತದೆ.

ನಮ್ಮ ಈ ಹೈದರಾಬಾದಿನಲ್ಲಿಯೇ ಬಿರ್ಲಾ ವಿಜ್ಞಾನ ಸಂಗ್ರಹಾಲಯದಲ್ಲಿ ಕೋಟಾಸಾರಸ್ಸಿನ ಅಸ್ಥಿಪಂಜರವಿದೆ. ತೆಲಂಗಾಣದ ಯಾಮನಪಲ್ಲಿಯ ಬಳಿ ದೊರೆತ ಈ ಸಸ್ಯಾಹಾರಿಗೆ 1988ರಲ್ಲಿ ಹೆಸರಿಡಲಾಯಿತು. ಅದು ಕತ್ತನ್ನಾಡಿಸದು, ಗರ್ಜಿಸದು. ಅದರ ಜಾತಿಯ ಅಸ್ಥಿಗಳು ಅನೇಕ ದೊರೆತಿದ್ದರೂ ತಲೆಬುರುಡೆ ದೊರೆತಿಲ್ಲ. ತಲೆಯ ಭಾಗವಾಗಿ ಕೈಗೆ ಬಂದುದು ಹಲ್ಲುಗಳು ಮಾತ್ರ. ಆದುದರಿಂದ ಅದಕ್ಕೆ ಯಾರು ತಲೆಯನ್ನು ರಚಿಸಿದರೂ ಅದು ಊಹೆಯೇ ಸರಿ. ಯಂತ್ರದ ಪ್ರಾಣಿಯನ್ನು ಕಂಡು ಬಂದ ಗೆಳೆಯರು ಈ ಮೂಕ ಅಸ್ಥಿಪಂಜರದ ಮುಂದೆಯೂ ಕೆಲವು ನಿಮಿಷ ನಿಲ್ಲಬೇಕೆಂದು ನಮ್ಮ ಬಿನ್ನಹ.

ಪ್ರದರ್ಶನಗಳನ್ನು ಏರ್ಪಡಿಸುವವರು ಪ್ರತಿಯೊಂದು ಯಂತ್ರದ ಮುಂದೆಯೂ ಒಂದು ಫಲಕವನ್ನಿಡಲಿ. ಮೂಳೆಯಿಂದ ತಿಳಿದುದು ಇಷ್ಟು, ಹಕ್ಕಿ ಮತ್ತು ಮೊಸಳೆಗಳಂಥ ಬಂಧುಗಳನ್ನು ನೋಡಿ ತರ್ಕಿಸಿದುದು ಇಷ್ಟು, ಕಲಾವಿದನ ಕಲ್ಪನೆ ಇಷ್ಟು ಎಂದು ಅದರಲ್ಲಿ ಬರೆದಿರಲಿ. ಅಂಥ ಫಲಕವಿಲ್ಲದೆಡೆ, “ಅಣ್ಣಾ, ಈ ಬಣ್ಣ ನಿಮಗೆ ಹೇಗೆ ಗೊತ್ತಾಯಿತು?” ಎಂದು ಅಲ್ಲಿರುವವರನ್ನು ವಿನಯದಿಂದ ಕೇಳುವುದು ನಮ್ಮ ಕರ್ತವ್ಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮ ಹಿರಿಯರದು. ಕಂಡದ್ದು ಕತ್ತಾಡಿಸಿ ಗರ್ಜಿಸಿದಾಗಲಂತೂ ಆ ಗಾದೆಯನ್ನು ನಾವು ಮರೆಯಲಾಗದು.