ಕಂಚುಕವೂ ಉಸಿರೂ

ನಮ್ಮ ಮಧುಗಿರಿ, ಶಿರಾ ಸೀಮೆಯ ಹಿಂದಿನ ಮುದುಕಿಯರ ಕುಪ್ಪಸಕ್ಕೆ ಗುಂಡಿಯಿರಲಿಲ್ಲ. ಮುಂದಿನ ಎರಡು ತುದಿಗಳನ್ನು ಸೇರಿಸಿ ಗಂಟು ಹಾಕುತ್ತಿದ್ದರು. ಮೈ ಹೆಚ್ಚಲಿ, ಇಳಿಯಲಿ, ಗಂಟು ಅದಕ್ಕೆ ಹೊಂದಿಕೊಳ್ಳುತ್ತಿತ್ತು.

ಈಚೆಗೆ ಹೆಣ್ಣುಮಕ್ಕಳು ಸೀರೆಗೆ ರವಿಕೆಯ ಬದಲಾಗಿಯೂ, ಅಂಗಿಯ ಮೇಲೆಯೂ ಕಾರ್ಸೆಟ್ ಎಂಬ ಬಿಗಿಗುಪ್ಪಸವನ್ನು ತೊಡುತ್ತಿದ್ದಾರೆ. 19ನೆಯ ಶತಮಾನದ ಯೂರೋಪಿನಲ್ಲಿ ತಿಮಿಂಗಿಲದ ಬಾಯೊಳಗಿನ ಪಟ್ಟಿಗಳನ್ನೋ ಉಕ್ಕಿನ ಕಡ್ಡಿಗಳನ್ನೋ ಇಟ್ಟು ಹೊಲಿದು, ದಾರದಿಂದ ಬಿಗಿದು, ನಡುವನ್ನು ಸಣ್ಣಗೆ ತೋರಿಸುತ್ತಿದ್ದ ಉಡುಪು ಇದು. ನಾವು ಇದನ್ನು ಹಳಿಯಲೊಲ್ಲೆವು. ಆದರೆ ಕಳೆದ ವೈಶಾಖದಲ್ಲಿ ಕೊರಟಗೆರೆಯ ಮದುವೆಯೊಂದರಲ್ಲಿ ಇದನ್ನು ಬಿಗಿದುಕೊಂಡಿದ್ದ ನಮ್ಮ ಮೊಮ್ಮಗಳು ಪಂಕ್ತಿಯಿಂದ ಎರಡು ತುತ್ತಿಗೇ ಎದ್ದಳು. ನಮ್ಮ ಮನೆಯವರು ಒಳಗೆ ಕರೆದೊಯ್ದು ದಾರ ಸಡಿಲಿಸಿದ ಮೇಲೆ ಉಸಿರು ಸಲೀಸಾಯಿತು.

“ಮೊದಲೇ ಹೇಳಬಾರದಿತ್ತೇನೇ ಮಗು?”

“ಎಲ್ಲರೂ ಚೆನ್ನಾಗಿದೆ ಅನ್ನುತ್ತಿದ್ದರು, ಅಜ್ಜಿ.”

ಆದುದರಿಂದ ನಿತ್ಯದ ಉಡುಪಿಗೆ ನಮ್ಮ ಸೂಚನೆಯಿಷ್ಟು: ಕಡ್ಡಿಯಿಲ್ಲದುದನ್ನು ಆರಿಸಿರಿ, ಪಾವಗಡದಂಥ ಬಿಸಿಲೂರಿನಲ್ಲಿ ಒಳಗೆ ಸಡಿಲವಾದ ತೆಳು ಹತ್ತಿಯ ಅಂಗಿಯಿರಲಿ, ದಾರವನ್ನು ಎದೆತುಂಬ ಉಸಿರೆಳೆದುಕೊಂಡು ಕಟ್ಟಿರಿ, ನೆಲದ ಮೇಲೊಮ್ಮೆ ಕುಳಿತು, ಬಗ್ಗಿ ನೋಡಿ, ಅನಂತರ ಹೊಸಿಲು ದಾಟಿರಿ.

ಸಂಸ್ಕೃತದಲ್ಲಿ ಕಂಚುಕವೆಂದರೆ ಕುಪ್ಪಸವೂ ಹೌದು, ಹಾವಿನ ಪೊರೆಯೂ ಹೌದು. ಮೈ ಬೆಳೆದಂತೆ ಹಾವು ಅದನ್ನು ಕಳಚಿಬಿಡುತ್ತದೆ. ನೋಡಿದವರು ಏನೆಂದಾರೆಂದು ಕಾಯುವುದಿಲ್ಲ.