ಸೆಂಜಿಗೆ ಬಿದನೂರಿನ ಹಾದಿ

ಮದರಾಸಿನಲ್ಲಿ ನೆಲಸಿದ ನಮ್ಮ ಕನ್ನಡ ಕುಟುಂಬಗಳಲ್ಲಿ ತಿರುವಣ್ಣಾಮಲೈಗೆ ಹೋಗಿ ಬಾರದವು ಕಡಮೆ. ದಿಂಡಿವನ ದಾಟಿ ದಾರಿ ಪಶ್ಚಿಮಕ್ಕೆ ತಿರುಗಿದ ಮೇಲೆ, ಯಾರೋ ದೈತ್ಯರು ಬಂಡೆಗಳನ್ನು ಹೊತ್ತು ತಂದು ರಾಶಿ ಹಾಕಿದಂತೆ ಮೂರು ಗುಡ್ಡಗಳು ಕಾಣುತ್ತವೆ. ಮಕ್ಕಳು ಬಸ್ಸಿನ ಕಿಟಕಿಗೆ ಮುಗಿಬೀಳುತ್ತಾರೆ. "ಅದು ಯಾರ ಕೋಟೆ?" ಎಂದರೆ "ರಾಜಾ ದೇಸಿಂಗನದು" ಎಂದು ಹೇಳಿ ನಾವು ಮತ್ತೆ ಪುಳಿಯೋಗರೆಯ ಡಬ್ಬಿಗೆ ಕೈ ಹಾಕುತ್ತೇವೆ. ಹೇಳಿದ್ದು ತಪ್ಪಲ್ಲ. 1714ರಲ್ಲಿ ಆರ್ಕಾಟಿನ ನವಾಬನೊಡನೆ ಹೋರಾಡಿ ಮಡಿದ ಆ ತರುಣನನ್ನು ತಮಿಳರು ಲಾವಣಿ ಕಟ್ಟಿ ಉಳಿಸಿಕೊಂಡಿದ್ದಾರೆ. ಆದರೆ ಸೆಂಜಿ ಕಂಡ ಮಹಾ ಮುತ್ತಿಗೆ ಅದಕ್ಕೂ ಮುಂಚಿನದು. ಅದರ ಮೊದಲ ಅಧ್ಯಾಯ ನಡೆದದ್ದು ನಮ್ಮ ಮಲೆನಾಡಿನಲ್ಲಿ. ಈ ಸಂಗತಿ ಮಕ್ಕಳ ಕಿವಿಗೆ ಅಷ್ಟಾಗಿ ಬಿದ್ದಿಲ್ಲವಾದ್ದರಿಂದ ಈ ಸಲದ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಬಿಜಾಪುರ 1686ರಲ್ಲಿ ಬಿತ್ತು, ಮರುವರ್ಷ ಗೋಲ್ಕೊಂಡ. 1689ರ ಮಾರ್ಚಿಯಲ್ಲಿ ಔರಂಗಜೇಬನು ಶಿವಾಜಿಯ ಹಿರಿಯ ಮಗ ಸಂಭಾಜಿಯನ್ನು ಕೊಲ್ಲಿಸಿದನು. ರಾಯಗಡಕ್ಕೆ ಮುತ್ತಿಗೆ ಬಿತ್ತು. ಇನ್ನು ದಕ್ಷಿಣದಲ್ಲಿ ತಲೆಯೆತ್ತುವವರಿಲ್ಲ ಎಂದೇ ಬಾದಶಹನ ಎಣಿಕೆ. ಮರಾಠರಿಗೆ ಉಳಿದವನು ಕಿರಿಯ ಮಗ ರಾಜಾರಾಮ, ಪ್ರಾಯ ಹತ್ತೊಂಬತ್ತು. ತಂದೆ 1677ರಲ್ಲಿ ಗೆದ್ದು ಭದ್ರಪಡಿಸಿದ್ದ ಸೆಂಜಿಯನ್ನು ಸೇರಿದರೆ ರಾಜ್ಯ ಉಳಿದೀತೆಂದು ಹಿರಿಯರು ನಿಶ್ಚಯಿಸಿದರು. ಪನ್ಹಾಳದಿಂದ ಸೆಂಜಿಗೆ ಹೋಗಬೇಕಾದರೆ ಕನ್ನಡ ನಾಡನ್ನು ಅಡ್ಡಲಾಗಿ ದಾಟಬೇಕು. ದಾರಿಯುದ್ದಕ್ಕೂ ಮೊಗಲರ ಠಾಣೆಗಳು. ಮೈಸೂರಿನ ಚಿಕ್ಕದೇವರಾಜ ಒಡೆಯರಾದರೋ 1687ರಲ್ಲಿ ಬೆಂಗಳೂರನ್ನು ಮೊಗಲರ ಕೈಯಿಂದಲೇ ಹಣ ಕೊಟ್ಟು ಪಡೆದವರು, ಬಾದಶಹನೊಡನೆ ಸ್ನೇಹದಿಂದಿದ್ದವರು. ಕನ್ನಡಿಗರೆಲ್ಲ ಒಂದೇ ಪಕ್ಷದಲ್ಲಿದ್ದರೆಂದು ಹೇಳಿ ನಾವು ಮೀಸೆ ತಿರುವುವಂತಿಲ್ಲ.

ವೇಷ ಮರೆಸಿಕೊಂಡ ಆ ಹುಡುಗ, ಬೆರಳೆಣಿಕೆಯ ಸಂಗಡಿಗರೊಡನೆ, ಬಿದನೂರಿನ ಸೀಮೆಗೆ ಬಂದು ಆಶ್ರಯ ಬೇಡಿದನು. ಬಿದನೂರೆಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ಆಗ ಕೆಳದಿಯ ಅರಸರ ರಾಜಧಾನಿ. ಆಳುತ್ತಿದ್ದವಳು ಚೆನ್ನಮ್ಮಾಜಿ, ಸೋಮಶೇಖರ ನಾಯಕನ ವಿಧವೆ. ದತ್ತು ತೆಗೆದುಕೊಂಡ ಬಸಪ್ಪ ನಾಯಕನನ್ನು ಮುಂದಿಟ್ಟುಕೊಂಡು, ಒಳಗಿನ ಕುತಂತ್ರಗಳನ್ನೂ ಹೊರಗಿನ ದಾಳಿಗಳನ್ನೂ ತಡೆದು, ಹದಿನೇಳು ಹದಿನೆಂಟು ವರ್ಷಗಳಿಂದ ರಾಜ್ಯಭಾರ ನಡೆಸಿದ್ದಳು.

ಬಂದವನು ಆಕೆಗೆ ನಂಟನಲ್ಲ. ಅಷ್ಟೇಕೆ, 1665ರಲ್ಲಿ ಶಿವಾಜಿ ಸಮುದ್ರದ ಮೇಲೆ ಬಂದು ಕೊಳ್ಳೆ ಹೊಡೆದ ಬಸರೂರು ಕೆಳದಿಯವರ ಸಿರಿವಂತ ರೇವುಪಟ್ಟಣವೇ ಆಗಿತ್ತು. ಆ ಬಸರೂರಿನ ವರ್ತಕರು ಅದನ್ನು ಮರೆತಿರಲಾರರು. ದೋಚಿದವನ ಮಗ ಬಾಗಿಲಲ್ಲಿ ನಿಂತಿದ್ದಾನೆ. ಅವನ ಬೆನ್ನ ಹಿಂದೆ ದಿಲ್ಲಿಯ ಸೈನ್ಯ. ಹಿಡಿದುಕೊಟ್ಟರೆ ಬಾದಶಹನ ಕೃಪೆ ಖಂಡಿತ. ಕೊಡದಿದ್ದರೆ ಬಿಜಾಪುರಕ್ಕಾದದ್ದು ಬಿದನೂರಿಗೂ ಆಗಬಹುದು. ಆಕೆ ಹಿಡಿದುಕೊಡಲಿಲ್ಲ. ಊಟ ಉಪಚಾರ ಮಾಡಿಸಿ, ಕಾವಲು ಕೊಟ್ಟು, ತನ್ನ ಸೀಮೆ ದಾಟಿಸಿದಳು.

ಜಾನ್ ನಿಸಾರ್ ಖಾನನ ದಂಡು ಬಂದೇ ಬಂತು. ಲಿಂಗಣ್ಣ ಕವಿಯ 'ಕೆಳದಿನೃಪವಿಜಯ'ದಲ್ಲಿ ಈ ಯುದ್ಧದ ಪ್ರಸ್ತಾಪವಿದೆ. ಅದರ ಪ್ರಕಾರ ರಾಣಿಯದೇ ಮೇಲುಗೈ. ಮೊಗಲರ ಬರೆಹಗಾರರು, ಆಕೆ ಅಲ್ಪ ದಂಡ ತೆತ್ತು ರಾಜಿಯಾದಳೆನ್ನುತ್ತಾರೆ. ಅವರವರ ಲೇಖಣಿ ಅವರವರ ಕಡೆ ವಾಲಿರುವುದು ಸಹಜ. ಮಲೆನಾಡಿನ ಕಾಡು, ಮಳೆ, ಕಣಿವೆಗಳನ್ನು ಬಲ್ಲ ನಮಗೆ, ಹೊಡೆದೂ ಇರಬಹುದು, ಕೊನೆಗೆ ದೂರಾಲೋಚನೆಯಿಂದ ನಾಲ್ಕು ಕಾಸು ಕೊಟ್ಟು ಕಳುಹಿಸಿಯೂ ಇರಬಹುದು ಎಂದು ತೋರುತ್ತದೆ. ಎರಡರಲ್ಲಿ ಯಾವುದಾದರೂ ಆಗಲಿ, ದಂಡಿಗೆ ರಾಜಾರಾಮನಂತೂ ಸಿಕ್ಕಲಿಲ್ಲ.

ಮುಂದಿನ ಅಪಾಯ ಬೆಂಗಳೂರಿನಲ್ಲಿ ಕಾದಿತ್ತೆಂದು ಮರಾಠಿ ಬಖೈರುಗಳು ಹೇಳುತ್ತವೆ. ಬಡ ಯಾತ್ರಿಕರ ವೇಷದಲ್ಲಿದ್ದವರ ಪೈಕಿ ಒಬ್ಬನ ಪಾದಗಳನ್ನು ಇನ್ನೊಬ್ಬನು ಭಯಭಕ್ತಿಯಿಂದ ತೊಳೆದನಂತೆ! ನೋಡಿದವರಿಗೆ ಅನುಮಾನ ಬಾರದಿರುತ್ತದೆಯೆ? ರಾಜಾರಾಮ ಬೇರೆ ದಾರಿ ಹಿಡಿದು ಪಾರಾದ. ಹಿಂದುಳಿದ ಸಂಗಡಿಗರು ಹೊಡೆತ ತಿಂದರೂ ಬಾಯಿ ಬಿಡಲಿಲ್ಲ. ಅಜ್ಜ ಶಹಾಜಿ ಜಹಗೀರುದಾರನಾಗಿ ಮೆರೆದ ಊರಿನಲ್ಲಿ ಮೊಮ್ಮಗನ ಪಾಡು ಹೀಗಾಯಿತು. ಅಲ್ಲಿಂದ ವೇಲೂರಿನ ಮೂಲಕ 1689ರ ನವೆಂಬರಿನಲ್ಲಿ ಅವನು ಸೆಂಜಿ ಸೇರಿದನು.

ಕೋಟೆಯನ್ನು ನೋಡಿದವರಿಗೆ ಅದರ ಬಲವನ್ನು ಬಣ್ಣಿಸಬೇಕಾಗಿಲ್ಲ. ರಾಜಗಿರಿ, ಕೃಷ್ಣಗಿರಿ, ಚಂದ್ರಗಿರಿ ಎಂಬ ಮೂರು ಬೆಟ್ಟಗಳಿಗೂ ಬೇರೆ ಬೇರೆ ಕೋಟೆಗಳು. ಮೂರನ್ನೂ ಕೂಡಿಸುವ ಗೋಡೆ ಸುಮಾರು 60 ಅಡಿ ದಪ್ಪ. ರಾಜಗಿರಿಯ ಎತ್ತರ ಸುಮಾರು 800 ಅಡಿ. ತುದಿಯ ಹತ್ತಿರ ಬಂಡೆ ಸೀಳಿ ದೊಡ್ಡ ಕಂದಕವಾಗಿದೆ. ಅದರ ಮೇಲಣ ಮರದ ಸೇತುವೆಯನ್ನು ಎಳೆದುಬಿಟ್ಟರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ನೀರಿಗೆ ಕೊಳಗಳು, ಧಾನ್ಯಕ್ಕೆ ಕಣಜಗಳು.

1690ರ ಸೆಪ್ಟೆಂಬರಿನಲ್ಲಿ ಜುಲ್ಫಿಕರ್ ಖಾನನು ಬಂದು ಪಾಳೆಯ ಬಿಟ್ಟನು. ಮರುವರ್ಷ ಅವನ ತಂದೆ ವಜೀರ ಅಸದ್ ಖಾನನೂ, ಬಾದಶಹನ ಕಿರಿಯ ಮಗ ಕಾಮ್ ಬಕ್ಷನೂ ಕೂಡಿಕೊಂಡರು. ಇಷ್ಟು ದೊಡ್ಡವರು ಒಂದೆಡೆ ಸೇರಿದ ಮೇಲೆ ಕೆಲಸ ಕೆಡದೆ ಇದ್ದೀತೆ? 1692ರ ಕೊನೆಗೆ ಸಂತಾಜಿ ಘೋರ್ಪಡೆ, ಧನಾಜಿ ಜಾಧವ ಇಬ್ಬರೂ ಕುದುರೆ ದಂಡಿನೊಡನೆ ಇಳಿದು ಬಂದು, ಕಾಂಚೀಪುರದ ಫೌಜುದಾರನನ್ನೇ ಸೆರೆಹಿಡಿದು, ಮೊಗಲರ ಪಾಳೆಯಕ್ಕೆ ಧಾನ್ಯ ಬರುವ ದಾರಿಗಳನ್ನು ಕಟ್ಟಿದರು. ಮುತ್ತಿಗೆ ಹಾಕಿದವರಿಗೇ ಮುತ್ತಿಗೆ! ರಾಜಕುಮಾರನು ರಾಜಾರಾಮನೊಡನೆ ಗುಟ್ಟಾಗಿ ಮಾತು ನಡೆಸಿದ್ದಾನೆಂದು ವಜೀರನೂ ಅವನ ಮಗನೂ ಸೇರಿ ಅವನನ್ನೇ ಕಾವಲಿನಲ್ಲಿಟ್ಟರು. 1693ರ ಜನವರಿಯಲ್ಲಿ ಹಸಿದ ಸೈನ್ಯ ವಂದವಾಸಿಗೆ ಹಿಂದೆಗೆಯಿತು. ಮತ್ತೆ ಬಂದರು, ನಡುವೆ ತಂಜಾವೂರಿಗೆ ಕಪ್ಪ ಎತ್ತಲು ಹೋದರು, ಮತ್ತೆ ಬಂದರು. ಜುಲ್ಫಿಕರ್ ಖಾನನು ಬೇಕೆಂದೇ ಕೆಲಸ ಎಳೆಯುತ್ತಿದ್ದಾನೆಂದು ಮೊಗಲ ಸೈನ್ಯದಲ್ಲಿದ್ದ ಭೀಮಸೇನನೇ ತನ್ನ ನೆನಪುಗಳಲ್ಲಿ ದೂರಿದ್ದಾನೆ.

ಈ ಏಳು ವರ್ಷ ಸುತ್ತಿನ ಹಳ್ಳಿಗಳವರು ಹೇಗೆ ಬದುಕಿದರೋ! ಹಗಲು ಒಬ್ಬರ ಕುದುರೆ, ರಾತ್ರಿ ಇನ್ನೊಬ್ಬರದು. ಎರಡಕ್ಕೂ ಹುಲ್ಲು ರೈತನ ಕಣದಿಂದಲೇ. ಸ್ವಾತಂತ್ರ್ಯದ ಯುದ್ಧವೆಂದು ನಾವು ಇಂದು ಹೆಮ್ಮೆಯಿಂದ ಬರೆಯುವಾಗ ಆ ರೈತನ ಹೆಸರು ನಮಗೆ ಸಿಕ್ಕುವುದಿಲ್ಲ.

ನಮ್ಮ ಮದರಾಸಿನ ಇಂಗ್ಲಿಷ್ ವರ್ತಕರಿಗಾದರೋ ಇದು ಸುಗ್ಗಿಯ ಕಾಲ. 1690ರಲ್ಲಿ ಗವರ್ನರ್ ಎಲಿಹು ಯೇಲ್ ಕಡಲೂರಿನ ಬಳಿಯ ದೇವನಾಂಪಟ್ಟಣದ ಕೋಟೆಯನ್ನು ರಾಜಾರಾಮನ ಕಡೆಯವರಿಂದ ಕೊಂಡನು. ಕೋಟೆಯಿಂದ ಹಾರಿಸಿದ ಫಿರಂಗಿಯ ಗುಂಡು ಬಿದ್ದಷ್ಟು ದೂರದ ನೆಲವೆಲ್ಲ ಅದಕ್ಕೆ ಸೇರಿತು. ಅತ್ಯುತ್ತಮ ಫಿರಂಗಿಯನ್ನೇ ಅವರು ಆರಿಸಿದ್ದರಲ್ಲಿ ಆಶ್ಚರ್ಯವೇನು! ಆ ಹಳ್ಳಿಗಳಿಗೆ ಗುಂಡು ಗ್ರಾಮಗಳೆಂದೇ ಹೆಸರು ಬಂತು. ಮೂರು ವರ್ಷ ಕಳೆದು 1693ರಲ್ಲಿ, ಎದುರು ಪಕ್ಷದ ವಜೀರ ಅಸದ್ ಖಾನನಿಂದ ಅದೇ ವರ್ತಕರು ಎಗ್ಮೋರು, ಪುರಸವಾಕ್ಕಂ, ತೊಂಡೈಯಾರ್‌ಪೇಟೆಗಳನ್ನು ಪಡೆದರು. ಸೆಂಜಿಯ ಕಡೆಗೆ ಹೋಗಲು ನಾವು ರೈಲು ಹತ್ತುವ ಎಗ್ಮೋರು, ಸೆಂಜಿಯ ಮುತ್ತಿಗೆಯ ದಿನಗಳಲ್ಲೇ ಈ ಊರಿಗೆ ಸೇರಿದ್ದು. ಇಬ್ಬರು ಕಾದಾಡುವಾಗ ಮೂರನೆಯವನ ಮನೆ ಬೆಳೆಯಿತು.

1697ರ ಕೊನೆಯಲ್ಲಿ ರಾಜಾರಾಮನು ಕೋಟೆಯಿಂದ ತಪ್ಪಿಸಿಕೊಂಡು ವೇಲೂರಿಗೆ, ಅಲ್ಲಿಂದ ಸ್ವದೇಶಕ್ಕೆ ನಡೆದನು. 1698ರ ಆರಂಭದಲ್ಲಿ ಕೋಟೆ ಬಿತ್ತು. ಹಕ್ಕಿ ಹಾರಿಹೋದ ಪಂಜರಕ್ಕೆ ಮೊಗಲರು ನಸ್ರತ್‌ಗಢ ಎಂದು ಹೆಸರಿಟ್ಟರು. ರಾಜಾರಾಮ 1700ರಲ್ಲಿ ತೀರಿಕೊಂಡರೂ ಅವನ ರಾಣಿ ತಾರಾಬಾಯಿ ಯುದ್ಧವನ್ನು ಬಿಡಲಿಲ್ಲ. ಔರಂಗಜೇಬನು 1707ರಲ್ಲಿ ದಕ್ಷಿಣದಲ್ಲೇ ಕಣ್ಣು ಮುಚ್ಚಿದನು. ಚೆನ್ನಮ್ಮಾಜಿ ಇವುಗಳಲ್ಲಿ ಯಾವುದನ್ನೂ ಕಾಣಲಿಲ್ಲ. ಸೆಂಜಿ ಬೀಳುವ ಮೊದಲೇ ಆಕೆ ತೀರಿಕೊಂಡಿದ್ದಳು.

2025ರ ಜುಲೈಯಲ್ಲಿ ಯುನೆಸ್ಕೊ ಮರಾಠರ 12 ಕೋಟೆಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹನ್ನೊಂದು ಮಹಾರಾಷ್ಟ್ರದವು; ಹೊರಗಿನದು ಸೆಂಜಿಯೊಂದೇ. ಈ ಸಲ ತಿರುವಣ್ಣಾಮಲೈಗೆ ಹೋಗುವವರು ನಡುವೆ ಇಳಿದು ರಾಜಗಿರಿಯನ್ನು ಹತ್ತಿರಿ. ಬಿಸಿಲೇರುವ ಮುಂಚೆ ಹೊರಡಬೇಕು. ನೀರು ಜೊತೆಗಿರಲಿ, ಪುಳಿಯೋಗರೆ ಕೋತಿಗಳ ಕಣ್ಣಿಗೆ ಬೀಳದಿರಲಿ. ಕಂದಕದ ಸೇತುವೆಯ ಬಳಿ ದಣಿವಾರಿಸಿಕೊಳ್ಳುವಾಗ "ಇದು ಯಾರ ಕೋಟೆ?" ಎಂದು ಮಕ್ಕಳು ಮತ್ತೆ ಕೇಳಿದರೆ, ಬಿದನೂರಿನಿಂದ ಕಥೆ ಆರಂಭಿಸಿ.